‘ನೀನೇ ಒಪ್ಪಿ ಬಂದವಳಲ್ಲವೇ?’



ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯನ್ನು ಕುರಿತು ಬರೆಯುತ್ತ ಬಂದ ಪತ್ರಿಕೆ ಈ ಸಲ ಕನಿಷ್ಠ ಕೂಲಿಯ ಮಾತನ್ನು ಏಕೆ ಎತ್ತಿಕೊಂಡಿದೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೂಲಿಯ ಪ್ರಶ್ನೆ ಕಾರ್ಮಿಕ ಸಂಘಗಳದ್ದು, ನಮ್ಮದು ಹೆಣ್ಣುಮಕ್ಕಳ ಸಂಕಟದ ಪ್ರಶ್ನೆ ಎಂದು ಬೇರೆ ಮಾಡಿ ನೋಡುವವರೂ ಇದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಈ ಎರಡು ಕಡೆಯೂ ಹೆಣ್ಣಿನ ಬಾಯಿ ಮುಚ್ಚಿಸಲು ಬಳಕೆಯಾಗುವ ಮಾತು ಒಂದೇ. ವರದಕ್ಷಿಣೆಗಾಗಿ ಹಿಂಸೆ ಅನುಭವಿಸಿದವಳು ದೂರು ಹೇಳಿದಾಗ ಗಂಡನ ಮನೆಯವರು, ‘ನಿಮ್ಮಪ್ಪನೇ ಒಪ್ಪಿ ಕೊಟ್ಟಿದ್ದಲ್ಲವೇ, ನಾವೇನು ಕಿತ್ತುಕೊಂಡೆವೇ?’ ಎನ್ನುತ್ತಾರೆ. ಕೂಲಿ ಕಡಿಮೆಯಾಯಿತು ಎಂದು ಕೇಳಿದವಳಿಗೆ ಮೇಸ್ತ್ರಿ, ‘ಇಷ್ಟಕ್ಕೆ ನೀನೇ ಒಪ್ಪಿ ಬಂದವಳಲ್ಲವೇ?’ ಎನ್ನುತ್ತಾನೆ. ಇಬ್ಬರೂ ನಮ್ಮ ಒಪ್ಪಿಗೆಯನ್ನೇ ನಮ್ಮ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸುತ್ತಾರೆ.

ಈ ಮಾತಿಗೆ ಕಾನೂನು ಕೊಡುವ ಉತ್ತರವೂ ಎರಡು ಕಡೆ ಒಂದೇ ಎಂಬುದನ್ನು ನಾವು ತಿಳಿದಿರಬೇಕು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 5ನೆಯ ಕಲಮು, ವರದಕ್ಷಿಣೆ ಕೊಡುವ ಅಥವಾ ತೆಗೆದುಕೊಳ್ಳುವ ಯಾವುದೇ ಕರಾರು ಅನೂರ್ಜಿತ ಎನ್ನುತ್ತದೆ. 1948ರ ಕನಿಷ್ಠ ವೇತನ ಕಾಯ್ದೆಯ 25ನೆಯ ಕಲಮು, ಕನಿಷ್ಠ ವೇತನದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಅನೂರ್ಜಿತ ಎಂದಿತ್ತು. ಆ ಕಾಯ್ದೆಯ ಜಾಗಕ್ಕೆ ಈಗ 2019ರ ವೇತನ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಅದರ 60ನೆಯ ಕಲಮೂ ಇದನ್ನೇ ಹೇಳುತ್ತದೆ. ಅಂದರೆ ಹೆಬ್ಬೆಟ್ಟು ಒತ್ತಿದರೂ, ಸಹಿ ಮಾಡಿದರೂ, ನಾಲ್ಕು ಜನರ ಮುಂದೆ ತಲೆಯಾಡಿಸಿದರೂ, ಕನಿಷ್ಠಕ್ಕಿಂತ ಕಡಿಮೆ ಕೂಲಿಗೆ ಕೊಟ್ಟ ಒಪ್ಪಿಗೆಗೆ ಬೆಲೆಯಿಲ್ಲ. ಕಡಿಮೆ ಕೂಲಿ ಪಡೆದವಳು ಯಾವ ತಪ್ಪನ್ನೂ ಮಾಡಿದಂತಾಗುವುದಿಲ್ಲ. ತಪ್ಪು ಕೊಟ್ಟವನದು. ಉಳಿದ ಬಾಕಿ ಅವಳಿಗೆ ಬರಬೇಕಾದ ಸಾಲ.

ಹಸಿವು ಒತ್ತಿಸಿದ ಹೆಬ್ಬೆಟ್ಟು

ಒಪ್ಪಿಗೆಗೆ ಏಕೆ ಬೆಲೆಯಿಲ್ಲ? ಮನೆಯಲ್ಲಿ ಮಕ್ಕಳು ಹಸಿದಿರುವಾಗ ಹೆಣ್ಣು ಕೊಡುವ ಒಪ್ಪಿಗೆ ಎಂಥದು? 1982ರಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳಲ್ಲಿ ದುಡಿಯುತ್ತಿದ್ದ ಕಾರ್ಮಿಕರ ಪ್ರಕರಣದಲ್ಲಿ ಈ ಪ್ರಶ್ನೆಯನ್ನು ಎದುರಿಸಿತು. ಬಂದೂಕು ತೋರಿಸಿ ದುಡಿಸಿಕೊಳ್ಳುವುದಷ್ಟೇ ಬಲವಂತವಲ್ಲ, ಬಡತನ ಮತ್ತು ಹಸಿವಿನ ಒತ್ತಡವೂ ಬಲವಂತವೇ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ನ್ಯಾಯಾಲಯ ಹೇಳಿತು.

ಮರುವರ್ಷ, 1983ರಲ್ಲಿ, ಅದೇ ನ್ಯಾಯಾಲಯ ಇನ್ನೊಂದು ತೀರ್ಪು ಕೊಟ್ಟಿತು. ರಾಜಸ್ಥಾನದ ಅಜ್ಮೀರ್ ಜಿಲ್ಲೆಯಲ್ಲಿ ಬರಗಾಲದ ಪರಿಹಾರ ಕಾಮಗಾರಿಯಾಗಿ ರಸ್ತೆ ಮಾಡುತ್ತಿದ್ದರು. ಕೆಲಸಗಾರರಲ್ಲಿ ಹೆಚ್ಚಿನವರು ಹೆಂಗಸರು. ಆಗ ಅಲ್ಲಿನ ಕನಿಷ್ಠ ಕೂಲಿ ದಿನಕ್ಕೆ 7 ರೂಪಾಯಿ. ಗುಂಪಿನ ಕೆಲಸವನ್ನು ಒಟ್ಟಿಗೆ ಅಳೆದು ಹಣ ಹಂಚುತ್ತಿದ್ದರಿಂದ ಕೈಗೆ ಅಷ್ಟು ಬರುತ್ತಿರಲಿಲ್ಲ. ಬರಗಾಲದಲ್ಲಿ ಕೆಲಸ ಕೊಟ್ಟಿರುವುದೇ ಉಪಕಾರ, ಕನಿಷ್ಠ ವೇತನದ ಮಾತು ಇಲ್ಲಿ ಬರುವುದಿಲ್ಲ ಎಂದು ಸರ್ಕಾರ ವಾದಿಸಿತು. ಪರಿಹಾರ ಕಾಮಗಾರಿಗೆ ಕಾರ್ಮಿಕ ಕಾನೂನುಗಳಿಂದ ವಿನಾಯಿತಿ ಕೊಡುವ ಒಂದು ಕಾಯ್ದೆಯನ್ನೂ ಮುಂದಿಟ್ಟಿತು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಬರಗಾಲದ ಲಾಭ ಪಡೆದು ಸರ್ಕಾರವೂ ಕಡಿಮೆ ಕೂಲಿ ಕೊಡುವಂತಿಲ್ಲ ಎಂದಿತು. ಈ ಹೋರಾಟದಲ್ಲಿ ಮುಂದೆ ನಿಂತವರಲ್ಲಿ ಹರಮಾಡಾ ಗ್ರಾಮದ ದಲಿತ ಮಹಿಳೆ ನೌರ್ತಿ ಬಾಯಿ ಒಬ್ಬರು. ರಸ್ತೆಗೆ ಕಲ್ಲುಮಣ್ಣು ಹೊರುತ್ತಿದ್ದ ಈಕೆ ಮುಂದೆ ಅದೇ ಊರಿನ ಸರಪಂಚರಾದರು. ತನ್ನ ಕೂಲಿಯ ಲೆಕ್ಕ ಕೇಳಲು ಕಲಿತವಳು ಊರಿನ ಲೆಕ್ಕವನ್ನೂ ಕೇಳಬಲ್ಲಳು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

‘ಕೊಡಲು ನನಗೆ ಶಕ್ತಿಯಿಲ್ಲ’ ಎಂಬ ಮಾಲೀಕನ ಮಾತಿಗೂ ಉತ್ತರ ಹಳೆಯದೇ. 1954ರಲ್ಲಿ ಒಂದು ಹತ್ತಿ ಗಿರಣಿಯ ಪ್ರಕರಣದಲ್ಲಿ, 1961ರಲ್ಲಿ ಕೇರಳದ ಹೆಂಚಿನ ಕಾರ್ಖಾನೆಗಳ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಮಾಲೀಕನ ಕಷ್ಟವನ್ನು ಕನಿಷ್ಠ ವೇತನಕ್ಕೆ ಅಡ್ಡ ತರುವಂತಿಲ್ಲ ಎಂದಿತು. ಕನಿಷ್ಠ ಕೂಲಿಯನ್ನೂ ಕೊಡಲಾಗದ ಉದ್ಯಮಕ್ಕೆ ಕೂಲಿಯವರ ಹೊಟ್ಟೆಯ ಮೇಲೆ ನಡೆಯುವ ಹಕ್ಕಿಲ್ಲ.

ಯಾರು ಮಾಲೀಕ, ಯಾರು ಕೆಲಸಗಾರ

ಈ ಕಾನೂನಿನ ಬೇರು ಆಳವಾಗಿದೆ. ಕನಿಷ್ಠ ವೇತನ ಮಸೂದೆಯನ್ನು 1946ರ ಏಪ್ರಿಲ್‌ನಲ್ಲಿ ಕೇಂದ್ರ ಶಾಸನ ಸಭೆಯಲ್ಲಿ ಮಂಡಿಸಿದವರು ಅಂದು ಕಾರ್ಮಿಕ ಖಾತೆಯನ್ನು ನೋಡಿಕೊಳ್ಳುತ್ತಿದ್ದ ಬಾಬಾಸಾಹೇಬ್ ಅಂಬೇಡ್ಕರ್. 1948ರಲ್ಲಿ ಅದು ಕಾಯ್ದೆಯಾಯಿತು. ಆ ಕಾಯ್ದೆ ಎಲ್ಲ ಕೆಲಸಗಳಿಗೂ ಅನ್ವಯಿಸುತ್ತಿರಲಿಲ್ಲ. ಅನುಸೂಚಿಯಲ್ಲಿ ಹೆಸರಿಸಿದ ಉದ್ಯೋಗಗಳಿಗೆ ಮಾತ್ರ ಸರ್ಕಾರ ದರ ನಿಗದಿ ಮಾಡುತ್ತಿತ್ತು. ಹೊಸ ಸಂಹಿತೆ ಆ ಪಟ್ಟಿಯನ್ನು ತೆಗೆದುಹಾಕಿ, ಎಲ್ಲ ಉದ್ಯೋಗಗಳಿಗೂ ಕನಿಷ್ಠ ವೇತನ ಉಂಟು ಎನ್ನುತ್ತದೆ. ಕೇಂದ್ರ ಸರ್ಕಾರ ಒಂದು ತಳಮಟ್ಟದ ವೇತನವನ್ನು ಗೊತ್ತುಮಾಡಬೇಕು. ರಾಜ್ಯಗಳ ದರ ಅದಕ್ಕಿಂತ ಕೆಳಗಿಳಿಯುವಂತಿಲ್ಲ. ರಾಜ್ಯದ ದರ ಈಗಾಗಲೇ ಹೆಚ್ಚಿದ್ದರೆ ಇಳಿಸುವಂತಿಲ್ಲ. ದರಗಳನ್ನು ಐದು ವರ್ಷ ಮೀರದಂತೆ ಪರಿಷ್ಕರಿಸಬೇಕು. ಬೆಲೆ ಏರಿಕೆಗೆ ತಕ್ಕಂತೆ ತುಟ್ಟಿಭತ್ಯೆಯೂ ಇದೆ. ಕರ್ನಾಟಕದಲ್ಲಿ ಅದು ಏಪ್ರಿಲ್ 1ರಿಂದ ಬದಲಾಗುತ್ತ ಬಂದಿದೆ. ಆದ್ದರಿಂದ ಹೋದ ವರ್ಷದ ದರವನ್ನೇ ಈ ವರ್ಷವೂ ಕೊಡುತ್ತಿದ್ದರೆ ಅಲ್ಲೇ ಅನುಮಾನಿಸಿ.

ಮಾಲೀಕ ಯಾರು? ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡರೂ ಅವನು ಮಾಲೀಕನೇ. ತಾನೇ ನೇರವಾಗಿ ಇಟ್ಟುಕೊಳ್ಳಲಿ, ಬೇರೊಬ್ಬರ ಮೂಲಕ ಇಟ್ಟುಕೊಳ್ಳಲಿ, ಹೊಣೆ ತಪ್ಪುವುದಿಲ್ಲ. ‘ನಾನು ಗುತ್ತಿಗೆದಾರನಿಗೆ ಪೂರ್ತಿ ಹಣ ಕೊಟ್ಟಿದ್ದೇನೆ, ಅವನನ್ನು ಕೇಳಿ’ ಎಂದು ಕಾರ್ಖಾನೆಯವನು ಹೇಳುತ್ತಾನೆ. ‘ಕಾರ್ಖಾನೆಯಿಂದ ಹಣ ಬಂದಿಲ್ಲ’ ಎಂದು ಗುತ್ತಿಗೆದಾರ ಹೇಳುತ್ತಾನೆ. ಈ ಇಬ್ಬರ ನಡುವೆ ಓಡಾಡಿ ಚಪ್ಪಲಿ ಸವೆಯುವುದು ನಮ್ಮದು. ಸಂಹಿತೆಯ 43ನೆಯ ಕಲಮು ಈ ಆಟಕ್ಕೆ ತೆರೆ ಎಳೆದಿದೆ: ನೇಮಿಸಿಕೊಂಡವನು ಕೊಡದಿದ್ದರೆ, ಆ ಸಂಸ್ಥೆಯ ಒಡೆಯ ಕೊಡಬೇಕು.

ಹೊಲದ ಕೆಲಸದಲ್ಲಿ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಇನ್ನೊಂದು ಎಂಬುದು ನಮ್ಮೂರುಗಳಲ್ಲಿ ಸೂರ್ಯ ಹುಟ್ಟಿದಷ್ಟೇ ಸಹಜವೆಂಬಂತೆ ನಡೆದುಬಂದಿದೆ. ಕನಿಷ್ಠ ಕೂಲಿಯ ಆದೇಶದಲ್ಲಿ ಗಂಡು ದರ, ಹೆಣ್ಣು ದರ ಎಂಬುದಿಲ್ಲ. ಒಂದೇ ಬಗೆಯ ಕೆಲಸಕ್ಕೆ ಲಿಂಗಭೇದ ಮಾಡಿ ಕೂಲಿ ಕೊಡಬಾರದೆಂಬುದು 1976ರ ಸಮಾನ ಸಂಭಾವನೆ ಕಾಯ್ದೆಯಲ್ಲಿತ್ತು. ಈಗ ಸಂಹಿತೆಯ 3ನೆಯ ಕಲಮಿನಲ್ಲಿದೆ. ಇನ್ನೊಂದು ಬಗೆಯ ಮೋಸವೂ ಇದೆ. ದರಗಳು ಅಕುಶಲ, ಅರೆಕುಶಲ, ಕುಶಲ ಎಂದು ಬೇರೆ ಬೇರೆ ಇರುತ್ತವೆ. ಹೊಲಿಗೆ, ನೇಯ್ಗೆ, ಅಡಿಗೆ ಇವೆಲ್ಲ ಹೆಣ್ಣಿಗೆ ಹುಟ್ಟಿನಿಂದಲೇ ಬರುತ್ತವೆ ಎಂಬ ನೆಪದಲ್ಲಿ, ಹತ್ತು ವರ್ಷ ಯಂತ್ರದ ಮುಂದೆ ಕೂತವಳನ್ನೂ ‘ಹೆಲ್ಪರ್’ ಎಂದು ಬರೆದಿಡುತ್ತಾರೆ. ನಿಮ್ಮನ್ನು ಯಾವ ದರ್ಜೆಯಲ್ಲಿ ಬರೆದಿದ್ದಾರೆಂದು ವೇತನ ಚೀಟಿಯಲ್ಲಿ ನೋಡಿ. ವೇತನ ಚೀಟಿ ಕೊಡುವುದು ಮಾಲೀಕನ ಕರ್ತವ್ಯ.

ಕೂಲಿ ಸೋರುವ ತೂತುಗಳು

ಕೂಲಿ ಒಮ್ಮೆಲೇ ಕಳವಾಗುವುದು ಕಡಿಮೆ. ಅದು ಸಣ್ಣ ಸಣ್ಣ ತೂತುಗಳಲ್ಲಿ ಸೋರುತ್ತದೆ. ಆ ತೂತುಗಳನ್ನು ಒಂದೊಂದಾಗಿ ಹೇಳುತ್ತೇನೆ. ಸಂಘದ ಸಭೆಯಲ್ಲಿ ಓದಿ ಹೇಳಿ.

ತುಂಡುಗೆಲಸಕ್ಕೆ ಬೇರೆ ಕನಿಷ್ಠ ದರ ಗೊತ್ತಾಗಿಲ್ಲದೆ ದಿನದ ದರ ಮಾತ್ರ ಗೊತ್ತಾಗಿದ್ದರೆ, ಎಷ್ಟು ತುಂಡು ಮಾಡಿದಿರೆಂಬುದನ್ನು ಲೆಕ್ಕಿಸದೆ ದಿನದ ಕನಿಷ್ಠ ಕೂಲಿಯನ್ನು ಕೊಡಲೇಬೇಕು. ಬೆಳಿಗ್ಗೆ ಕೆಲಸಕ್ಕೆ ಹೋದವಳನ್ನು ‘ಇಂದು ಕರೆಂಟಿಲ್ಲ, ಸಾಮಾನು ಬಂದಿಲ್ಲ’ ಎಂದು ಮಧ್ಯಾಹ್ನ ಕಳುಹಿಸಿದರೆ, ಕೆಲಸ ಮಾಡಲು ನೀವೇ ಒಲ್ಲೆನೆಂದಿರದಿದ್ದರೆ, ಸಾಮಾನ್ಯವಾಗಿ ಇಡೀ ದಿನದ ಕೂಲಿ ನಿಮ್ಮದು. ಗೊತ್ತಾದ ಹೊತ್ತಿಗಿಂತ ಹೆಚ್ಚು ದುಡಿಸಿಕೊಂಡರೆ ಆ ಹೊತ್ತಿಗೆ ಎರಡರಷ್ಟು ಕೂಲಿ ಕೊಡಬೇಕು. ‘ಟಾರ್ಗೆಟ್ ಮುಗಿಸಿ ಹೋಗು’ ಎಂದು ಸಂಜೆ ಕೂರಿಸಿಕೊಳ್ಳುವುದು ಪುಕ್ಕಟೆ ದುಡಿಮೆ.

ದಿನಗೂಲಿಯನ್ನು ಅಂದಿನ ಕೆಲಸ ಮುಗಿದಾಗ, ವಾರದ ಕೂಲಿಯನ್ನು ವಾರದ ಕೊನೆಯ ಕೆಲಸದ ದಿನ, ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೆಯ ತಾರೀಖಿನೊಳಗೆ ಕೊಡಬೇಕು. ಕೆಲಸ ಬಿಟ್ಟರೂ, ಬಿಡಿಸಿದರೂ, ಎರಡು ಕೆಲಸದ ದಿನಗಳೊಳಗೆ ಲೆಕ್ಕ ಚುಕ್ತಾ ಆಗಬೇಕು. ಹಳೆ ಸೀರೆ, ಉಳಿದ ಅನ್ನ ಕೂಲಿಯಲ್ಲ. ದಂಡ ಹಾಕುವುದಿದ್ದರೆ ಯಾವ ತಪ್ಪಿಗೆ ಎಂದು ಮೊದಲೇ ಪ್ರಕಟಿಸಿರಬೇಕು, ನಿಮ್ಮ ಮಾತು ಕೇಳಿರಬೇಕು, ಅದು ಆ ಅವಧಿಯ ಕೂಲಿಯ ನೂರಕ್ಕೆ 3ನ್ನು ಮೀರಬಾರದು. ಮುಂಗಡ ಪಡೆದಿದ್ದರೂ ಎಲ್ಲ ಕಡಿತ ಸೇರಿ ಕೂಲಿಯ ಅರ್ಧವನ್ನು ದಾಟುವಂತಿಲ್ಲ.

ದಿನಕ್ಕೆ 100 ರೂಪಾಯಿ ಕಡಿಮೆ ಬಂತೆಂದು ಇಟ್ಟುಕೊಳ್ಳಿ. ತಿಂಗಳಿಗೆ 26 ದಿನವಾದರೆ 2,600. ವರ್ಷಕ್ಕೆ 31,200. ಹತ್ತು ವರ್ಷಕ್ಕೆ 3,12,000. ಒಬ್ಬ ತಾಯಿಯಿಂದ ಹೀಗೆ ದಿನವೂ ಕದ್ದ ಹಣವನ್ನು, ಮಗಳ ಮದುವೆಯ ಹೊತ್ತಿಗೆ ಅವಳೇ ಬಡ್ಡಿಗೆ ಸಾಲ ತರುತ್ತಾಳೆ. ಆ ಸಾಲವನ್ನು ತೀರಿಸಲು ಮತ್ತೆ ಕಡಿಮೆ ಕೂಲಿಗೆ ಹೋಗುತ್ತಾಳೆ. ಕೂಲಿಯ ಕಳವು ಮತ್ತು ವರದಕ್ಷಿಣೆಯ ಸಾಲ ಒಂದಕ್ಕೊಂದು ಹೀಗೆ ಹೆಗಲು ಕೊಡುತ್ತವೆ.

ಮಾಂಗಲ್ಯದ ಹೆಸರಿನಲ್ಲಿ

ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಉದಾಹರಣೆ ನಮ್ಮ ನೆರೆಯ ತಮಿಳುನಾಡಿನಲ್ಲಿದೆ. ಕೊಯಮತ್ತೂರು, ತಿರುಪ್ಪೂರು, ಈರೋಡ್, ದಿಂಡಿಗಲ್ ಕಡೆಯ ನೂಲಿನ ಗಿರಣಿಗಳು ಬಡವರ ಮನೆಯ ಹರೆಯದ ಹುಡುಗಿಯರನ್ನು ‘ಸುಮಂಗಲಿ’ ಎಂಬ ಹೆಸರಿನ ಯೋಜನೆಯಲ್ಲಿ ಕರೆದೊಯ್ದವು. ಗಿರಣಿಯ ಹಾಸ್ಟೆಲಿನಲ್ಲಿದ್ದು ಸುಮಾರು ಮೂರು ವರ್ಷ ದುಡಿಯಬೇಕು. ತಿಂಗಳಿಗೆ ಸಿಗುವುದು ಅಲ್ಪ. ಅವಧಿ ಮುಗಿದ ಮೇಲೆ ಒಂದು ದೊಡ್ಡ ಮೊತ್ತ ಕೈಗೆ ಬರುತ್ತದೆ, ಅದರಿಂದ ಮದುವೆ ಮಾಡಬಹುದು ಎಂಬುದು ಆಮಿಷ. ಆ ದೊಡ್ಡ ಮೊತ್ತ ಗಿರಣಿಯ ಕೊಡುಗೆಯಾಗಿರಲಿಲ್ಲ. ತಿಂಗಳು ತಿಂಗಳೂ ಕೊಡಬೇಕಾಗಿದ್ದ ಅವಳದೇ ಕೂಲಿಯನ್ನು ತಡೆಹಿಡಿದದ್ದು. ಕಾಯಿಲೆಯಾಗಿ, ಕಿರುಕುಳ ತಾಳಲಾರದೆ, ಅವಧಿಗೆ ಮುನ್ನ ಬಿಟ್ಟುಬಂದ ಹುಡುಗಿಯರು ಅದನ್ನೂ ಕಳೆದುಕೊಂಡರು. ವರ್ಷಗಟ್ಟಲೆ ‘ತರಬೇತಿ’ಯವರೆಂದು ಕರೆದು ಕೆಲಸಗಾರರ ದರವನ್ನು ತಪ್ಪಿಸಲಾಯಿತು.

ಇಲ್ಲಿ ನಡೆದದ್ದೇನು? ವರದಕ್ಷಿಣೆ ಕೊಡಲೇಬೇಕೆಂಬ ಸಮಾಜದ ಒತ್ತಡವನ್ನು ಗಿರಣಿ ತನ್ನ ಲಾಭಕ್ಕೆ ಹೂಡಿಕೆ ಮಾಡಿಕೊಂಡಿತು. ಹುಡುಗಿ ತನ್ನ ಕೂಲಿಯನ್ನು ತಾನೇ ಸಾಲವಾಗಿ ಗಿರಣಿಗೆ ಕೊಟ್ಟು, ಮೂರು ವರ್ಷದ ಮೇಲೆ ಅದನ್ನೇ ವಾಪಸು ಪಡೆದು, ಗಂಡಿನ ಮನೆಗೆ ಒಪ್ಪಿಸಬೇಕಾಯಿತು. ಕರಾವಳಿಯಲ್ಲಿ ತಮ್ಮ ಮದುವೆಯ ಚಿನ್ನಕ್ಕೆಂದು ಬೀಡಿ ಕಟ್ಟುತ್ತ ಕೂತ ಹುಡುಗಿಯರನ್ನು ನಾನು ಕಂಡಿದ್ದೇನೆ. ಸಾವಿರ ಬೀಡಿಗೆ ಇಷ್ಟೆಂದು ಲೆಕ್ಕ. ಸರಿಯಿಲ್ಲವೆಂದು ತೆಗೆದಿಟ್ಟ ಬೀಡಿಗೆ ಕೂಲಿಯಿಲ್ಲ. ಬೆರಳು ಸವೆದದ್ದು ಅವರದು, ಚಿನ್ನ ಇನ್ನೊಬ್ಬರ ಮನೆಯ ಪೆಟ್ಟಿಗೆಯಲ್ಲಿ.

ಸಂಘಟಿತ ಕಾರ್ಖಾನೆಗಳಲ್ಲೂ ಸ್ಥಿತಿ ಸುಲಭವಲ್ಲ. 2020ರ ಏಪ್ರಿಲ್‌ನಿಂದ ಕರ್ನಾಟಕದ ಸಿದ್ಧ ಉಡುಪು ಕಾರ್ಮಿಕರಿಗೆ ಸೇರಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ ಸುಮಾರು 417 ರೂಪಾಯಿ. ಕೋವಿಡ್ ಕಾರಣ ಹೇಳಿ ಸರ್ಕಾರ ಅದನ್ನು ಒಂದು ವರ್ಷ ಮುಂದೂಡಿತು. ಅದೇ ವರ್ಷ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟರೂ ಅನೇಕ ಕಾರ್ಖಾನೆಗಳು ಹಣ ಕೊಡಲಿಲ್ಲ. ಬಾಕಿ ಬರಲು ಕಾರ್ಮಿಕ ಸಂಘಗಳು ಹೊರದೇಶದ ಖರೀದಿದಾರರವರೆಗೂ ದೂರು ಒಯ್ಯಬೇಕಾಯಿತು. ಈ ಕಾರ್ಮಿಕರಲ್ಲಿ ಬಹುಪಾಲು ಹೆಂಗಸರು. ದಿನಕ್ಕೆ 16 ರೂಪಾಯಿ ಏನು ಮಹಾ ಎನ್ನುವವರಿಗೆ ಒಂದೇ ಮಾತು: ಲಕ್ಷಾಂತರ ಹೆಂಗಸರ 16 ರೂಪಾಯಿಗಳನ್ನು ಸೇರಿಸಿ ನೋಡಿ.

ಹೆಂಡತಿಯ ಹೊಟ್ಟೆಯ ಲೆಕ್ಕ

ಕನಿಷ್ಠ ಕೂಲಿಯನ್ನು ಅಳೆಯುವ ಸೇರಿನ ಬಗ್ಗೆಯೂ ನಮಗೆ ತಕರಾರಿದೆ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ, ದುಡಿಯುವ ಒಬ್ಬರ ಕೂಲಿಯಲ್ಲಿ ಮೂರು ಪ್ರಮಾಣದ ಕುಟುಂಬ ಬದುಕಬೇಕು, ಹೆಂಗಸರು ಮಕ್ಕಳ ಗಳಿಕೆಯನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದಿತು. ಗಂಡ 1, ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6, ಹೀಗೆ ಮೂರು. ಒಬ್ಬರ ಕೂಲಿಯಲ್ಲೇ ಮನೆ ನಡೆಯಬೇಕೆಂಬ ಉದ್ದೇಶ ಒಳ್ಳೆಯದೇ. ಆದರೆ ಆ ದುಡಿಯುವ ಒಬ್ಬ ಗಂಡೇ ಎಂದೂ, ಹೆಣ್ಣು ಐದರಲ್ಲಿ ನಾಲ್ಕು ಪಾಲು ಉಂಡರೆ ಸಾಕೆಂದೂ ಆ ಲೆಕ್ಕ ನಂಬಿತು. ಗಂಡ ಬಿಟ್ಟವಳು, ವಿಧವೆ, ಕುಡುಕನ ಹೆಂಡತಿ ಒಬ್ಬಳೇ ದುಡಿದು ಮಕ್ಕಳನ್ನೂ ಅತ್ತೆಯನ್ನೂ ಸಾಕುವ ಮನೆಗಳು ಆ ಲೆಕ್ಕದಲ್ಲಿ ಕಾಣಲಿಲ್ಲ. ಮನೆಯಲ್ಲಿ ಕೊನೆಗೆ ಉಣ್ಣುವವಳಿಗೆ ಸರ್ಕಾರದ ಲೆಕ್ಕದಲ್ಲೂ ಕಡಿಮೆ ತುತ್ತು!

1991ರಲ್ಲಿ ಸುಪ್ರೀಂ ಕೋರ್ಟು ಈ ಲೆಕ್ಕಕ್ಕೆ ಇನ್ನೊಂದನ್ನು ಸೇರಿಸಿತು. ಮಕ್ಕಳ ಓದು, ಔಷಧ, ಹಬ್ಬ, ಮುಪ್ಪು, ಮದುವೆ ಇವುಗಳಿಗಾಗಿ ನೂರಕ್ಕೆ 25ನ್ನು ಹಿಡಿಯಬೇಕು ಎಂದಿತು. ಮದುವೆಯ ಖರ್ಚು ಎಂದರೆ ನಾಲ್ಕು ಜನ ಕೂತು ಉಣ್ಣುವ ಖರ್ಚು. ವರದಕ್ಷಿಣೆಗೆ ಸಾಲುವಂಥ ಕೂಲಿ ಎಲ್ಲೂ ಇಲ್ಲ, ಇರಬೇಕಾಗಿಯೂ ಇಲ್ಲ.

ಮನೆಯಲ್ಲಿ ಕೂತು ದುಡಿಯುವವರ ಗತಿ

ಈಗ ನಮ್ಮ ಓದುಗರಲ್ಲಿ ಹಲವರಿಗೆ ನೇರವಾಗಿ ತಟ್ಟುವ ವಿಷಯ. ಬೀಡಿ, ಅಗರಬತ್ತಿ, ಹಪ್ಪಳ, ಗುಂಡಿ ಹಾಕುವುದು, ದಾರ ಕತ್ತರಿಸುವುದು ಇವನ್ನೆಲ್ಲ ಮನೆಗೆ ತಂದು ಮಾಡುವವರು ನಾವು. 1948ರ ಕಾಯ್ದೆ ಕೆಲಸಗಾರರೆಂದರೆ ಯಾರೆಂದು ಹೇಳುವಾಗ, ಸಾಮಾನು ಕೊಟ್ಟು ಮನೆಯಲ್ಲಿ ಮಾಡಿಸಿಕೊಳ್ಳುವ ಹೊರಗೆಲಸಗಾರರನ್ನೂ ಹೆಸರಿಟ್ಟು ಸೇರಿಸಿತ್ತು. ಹೊಸ ವೇತನ ಸಂಹಿತೆಯ ವ್ಯಾಖ್ಯೆಯಲ್ಲಿ ಆ ಮಾತು ಉಳಿದಿಲ್ಲ. ಎಲ್ಲರಿಗೂ ಕನಿಷ್ಠ ವೇತನ ಎಂದು ಡಂಗುರ ಸಾರಿದ ಕಾನೂನು, ಮನೆಯ ಮೂಲೆಯಲ್ಲಿ ಕೂತು ದುಡಿಯುವವಳ ಹೆಸರನ್ನು ಬಿಟ್ಟುಬಿಟ್ಟಿದೆ. ಆದರೆ ಅದೇ ವ್ಯಾಖ್ಯೆಯಲ್ಲಿ ಒಂದು ಕಿಂಡಿಯೂ ಇದೆ. ಸರ್ಕಾರ ಯಾರನ್ನು ಉದ್ಯೋಗಿ ಎಂದು ಘೋಷಿಸುತ್ತದೋ ಅವರೂ ಉದ್ಯೋಗಿಗಳೇ. ಮನೆಯಲ್ಲಿ ಕೂತು ದುಡಿಯುವವರನ್ನೂ, ಮನೆಗೆಲಸದವರನ್ನೂ ಹೆಸರಿಟ್ಟು ಉದ್ಯೋಗಿಗಳೆಂದು ಘೋಷಿಸಬೇಕೆಂದು ಕರ್ನಾಟಕ ಸರ್ಕಾರವನ್ನು ನಾವು ಒತ್ತಾಯಿಸಬೇಕು. 2004ರಲ್ಲಿ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಮಾಡಿ ಬೇರೆ ರಾಜ್ಯಗಳಿಗೆ ದಾರಿ ತೋರಿಸಿದ ನಾಡು ಇದು. ಪಡೆದದ್ದನ್ನು ಕಳೆದುಕೊಳ್ಳಲು ನಾವು ಸಿದ್ಧರಿಲ್ಲ.

ಅಂಗನವಾಡಿ, ಆಶಾ, ಬಿಸಿಯೂಟದ ಅಕ್ಕಂದಿರ ಕಥೆ ಇನ್ನೊಂದು. ಅವರಿಗೆ ಕೊಡುವುದನ್ನು ಕೂಲಿ ಎನ್ನದೆ ಗೌರವಧನ ಎನ್ನುತ್ತಾರೆ. ಹೆಸರಿನಲ್ಲಿ ಗೌರವವಿದೆ, ಧನದಲ್ಲಿ ಇಲ್ಲ. 2022ರಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಯಿಟಿ ಸಲ್ಲಬೇಕೆಂದು ಹೇಳಿದ್ದು ಒಂದು ಹೆಜ್ಜೆ. ಸೇವೆ ಎಂಬ ಸಿಹಿಮಾತಿನಿಂದ ದುಡಿಮೆಯನ್ನು ಮುಚ್ಚಿಡುವ ಅಭ್ಯಾಸ ಮನೆಯಲ್ಲಿ ಹುಟ್ಟಿ ಸರ್ಕಾರದವರೆಗೆ ಬೆಳೆದಿದೆ.

ಗಂಡನ ಕೈಗೆ ಹೋಗುವ ಕೂಲಿ

ಮಾಲೀಕನಿಂದ ಪೂರ್ತಿ ಕೂಲಿ ಬಂತೆನ್ನಿ. ಅದು ಅವಳದಾಯಿತೇ? ಬಟವಾಡೆಯ ದಿನ ಗೇಟಿನ ಹೊರಗೆ ಕಾಯುವ ಗಂಡಂದಿರಿದ್ದಾರೆ. ಅವಳ ಎಟಿಎಂ ಕಾರ್ಡನ್ನು ತಮ್ಮ ಜೇಬಿನಲ್ಲಿಟ್ಟುಕೊಂಡವರಿದ್ದಾರೆ. ಕಡಿಮೆ ತಂದಳೆಂದು ಹೊಡೆಯುವವರೂ, ಹೆಚ್ಚು ತಂದಳೆಂದು ಅನುಮಾನಿಸುವವರೂ ಇದ್ದಾರೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಆರ್ಥಿಕ ಹಿಂಸೆಯನ್ನೂ ಹಿಂಸೆ ಎಂದೇ ಕರೆದಿದೆ. ಅದರ ನಿಯಮಗಳ ಜೊತೆಗಿರುವ ದೂರಿನ ನಮೂನೆಯಲ್ಲಿ, ಹೆಣ್ಣಿನ ಕೂಲಿ ಸಂಬಳವನ್ನು ಕಿತ್ತುಕೊಳ್ಳುವುದು, ಬಳಸಲು ಬಿಡದಿರುವುದು ಎಂದೇ ಬರೆದಿದೆ. ಸಂರಕ್ಷಣಾಧಿಕಾರಿಗೆ, ಅಂದರೆ ನಮ್ಮಲ್ಲಿ ಸಾಮಾನ್ಯವಾಗಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಈ ದೂರನ್ನು ಕೊಡಬಹುದು. 181ಕ್ಕೆ ಫೋನ್ ಮಾಡಬಹುದು. ಕೂಲಿಯನ್ನು ಕಡಿಯುವ ಮಾಲೀಕನೂ, ಕಸಿಯುವ ಗಂಡನೂ ಅವಳ ದುಡಿಮೆ ಅವಳದಲ್ಲ ಎಂಬ ಒಂದೇ ನಂಬಿಕೆಯ ಮೇಲೆ ನಿಂತವರು.

ನಾವೇ ಮಾಲೀಕರಾದಾಗ

ಕಹಿಯಾದ ಒಂದು ಮಾತನ್ನೂ ಹೇಳಬೇಕು. ಸಂಘದ ಹತ್ತು ಹದಿನೈದು ಜನ ತಾವೇ ದುಡಿದು ಲಾಭ ಹಂಚಿಕೊಂಡರೆ ಅದು ಪಾಲುದಾರಿಕೆ. ಆದರೆ ಆರ್ಡರ್ ಹೆಚ್ಚಾಯಿತೆಂದು ಕೇರಿಯ ನಾಲ್ಕು ಹೆಂಗಸರನ್ನು ಹಪ್ಪಳ ಒತ್ತಲು, ರೊಟ್ಟಿ ತಟ್ಟಲು ಕರೆದರೆ, ಅವರ ಪಾಲಿಗೆ ನಾವೇ ಮಾಲೀಕರು. ‘ಅವಳೂ ನಮ್ಮವಳೇ, ಇಷ್ಟು ಕೊಟ್ಟರೆ ಸಾಕು’ ಎಂದರೆ ಮೇಸ್ತ್ರಿಯ ಮಾತನ್ನೇ ನಾವು ಕಲಿತಂತಾಯಿತು. ಕನಿಷ್ಠ ಕೂಲಿ ಕೊಡುವಷ್ಟು ಗಿಟ್ಟುವುದಿಲ್ಲವಾದರೆ ಮಾರುವ ಬೆಲೆಯನ್ನು ಮತ್ತೆ ಲೆಕ್ಕ ಹಾಕೋಣ. ಅವಳ ಕೂಲಿಯಲ್ಲಿ ಕಡಿಮೆ ಮಾಡುವುದು ಬೇಡ.

ಇದರ ಇನ್ನೊಂದು ಮುಖವೂ ಇದೆ. ಕೆಲವು ವ್ಯಾಪಾರಿಗಳು ಸಾಮಾನು ತಾವೇ ಕೊಟ್ಟು, ದರವನ್ನೂ ತಾವೇ ಗೊತ್ತುಮಾಡಿ, ಮಾಲನ್ನು ತಾವೇ ಒಯ್ದು, ‘ನೀವು ಸ್ವಸಹಾಯ ಸಂಘ, ನಮ್ಮ ಕೆಲಸಗಾರರಲ್ಲ’ ಎನ್ನುತ್ತಾರೆ. ಸಂಘ ಎಂಬ ಹೆಸರು ಅವರ ಹೊಣೆಯನ್ನು ತಪ್ಪಿಸುವ ಪರದೆಯಾಗಬಾರದು. ಇಂಥ ಕರಾರಿಗೆ ಸಹಿ ಹಾಕುವ ಮುನ್ನ ಒಂದು ದಿನದ ದುಡಿಮೆಗೆ ತಲೆಗೆ ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕಿ, ಸರ್ಕಾರದ ದರದ ಪಕ್ಕದಲ್ಲಿಟ್ಟು ನೋಡಿ.

ಕೇಳುವುದು ಹೇಗೆ

ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ ಈಗಿನ ದರಪಟ್ಟಿಯನ್ನು ಕೇಳಿ ಪಡೆಯಿರಿ. ಉಳಿತಾಯದ ಲೆಕ್ಕ ಬರೆಯುವ ಪುಸ್ತಕದಲ್ಲೇ ಒಂದು ಪುಟ ಬಿಡಿ. ಯಾವ ದಿನ, ಎಲ್ಲಿ, ಯಾರ ಬಳಿ, ಎಷ್ಟು ಹೊತ್ತು, ಎಷ್ಟು ಕೈಗೆ ಬಂತು ಎಂದು ಬರೆಯಿರಿ. ಬರೆಯಲು ಬಾರದವರದನ್ನು ಬರುವವರು ಬರೆದುಕೊಡಿ. ಕೂಲಿ ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಭಾರ ಸಂಹಿತೆಯ 59ನೆಯ ಕಲಮಿನ ಪ್ರಕಾರ ಮಾಲೀಕನದು. ಆದರೂ ನಮ್ಮ ಕೈಯಲ್ಲಿ ಬರಹವಿದ್ದರೆ ನಮ್ಮ ದನಿ ಗಟ್ಟಿಯಾಗುತ್ತದೆ.

ಬಾಕಿಗಾಗಿ ಅರ್ಜಿಯನ್ನು ಮೂರು ವರ್ಷದೊಳಗೆ ಹಾಕಬಹುದು. ಹಿಂದಿನ ಕಾಯ್ದೆಯಲ್ಲಿ ಆರೇ ತಿಂಗಳಿತ್ತು. ಇದು ಹೊಸ ಸಂಹಿತೆಯ ಒಂದು ಒಳ್ಳೆಯ ಅಂಶ. ಅನೇಕರು ಸೇರಿ ಒಂದೇ ಅರ್ಜಿ ಹಾಕಬಹುದು. ಬಾಕಿಯ ಜೊತೆಗೆ ಅದರ ಹತ್ತರಷ್ಟರವರೆಗೆ ಪರಿಹಾರ ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಆದರೆ ಅರ್ಜಿ ಹಾಕಬಲ್ಲವರು ಕೆಲಸಗಾರರು, ಅವರು ಸದಸ್ಯರಾಗಿರುವ ನೋಂದಾಯಿತ ಕಾರ್ಮಿಕ ಸಂಘ, ಇಲ್ಲವೇ ನಿರೀಕ್ಷಕರು. ಸ್ವಸಹಾಯ ಸಂಘ ಕಾರ್ಮಿಕ 	ಸಂಘವಲ್ಲ. ಆದ್ದರಿಂದ ನಮ್ಮ ಸಂಘ ಜೊತೆಗೆ ನಿಲ್ಲಬೇಕು. ನಮ್ಮ ಕೆಲಸಕ್ಕೆ ಸಂಬಂಧಪಟ್ಟ ಕಾರ್ಮಿಕ ಸಂಘವನ್ನೂ ಸೇರಬೇಕು. ವಕೀಲರಿಗೆ ಹಣವಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಎಲ್ಲ ಮಹಿಳೆಯರಿಗೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಉಂಟು.

ಕಾನೂನಿನ ಹಲ್ಲು ಸವೆದಿರುವುದನ್ನೂ ಮರೆಮಾಚುವುದಿಲ್ಲ. ಹಿಂದೆ ಕಡಿಮೆ ಕೂಲಿ ಕೊಟ್ಟವನಿಗೆ ಮೊದಲ ತಪ್ಪಿಗೇ ಆರು ತಿಂಗಳವರೆಗೆ ಸಜೆಯಾಗಬಹುದಿತ್ತು. ಈಗ ಮೊದಲ ತಪ್ಪಿಗೆ 50,000 ರೂಪಾಯಿವರೆಗೆ ದಂಡ ಮಾತ್ರ. ಐದು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿ ಶಿಕ್ಷೆಯಾದರೆ ಆಗ ಮೂರು ತಿಂಗಳವರೆಗೆ ಸಜೆ, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ನೂರು ಹೆಂಗಸರ ಕೂಲಿ ಕಡಿದು ಉಳಿಸಿದವನಿಗೆ ಈ ದಂಡ ಭಾರವೇನಲ್ಲ. ದೂರು ಕೊಟ್ಟವಳ ಕೆಲಸ ಮರುದಿನ ಹೋಗುವ ಭಯವೂ ನಿಜ. ಅದಕ್ಕಾಗಿಯೇ ಒಬ್ಬಳೇ ಹೋಗಿ ಕೇಳಬೇಡಿ ಎನ್ನುತ್ತೇನೆ. ಗಂಡನ ಮನೆಯಲ್ಲಿ ಸೀಮೆಎಣ್ಣೆಯ ಡಬ್ಬಿ ಕಂಡ ಹುಡುಗಿಯನ್ನು ಒಬ್ಬಳೇ ವಾಪಸು ಕಳುಹಿಸಬೇಡಿ ಎಂದು ನಾವು ಊರೂರಿನಲ್ಲಿ ಹೇಳಿದೆವಲ್ಲ, ಹಾಗೆಯೇ ಕೂಲಿ ಕೇಳಲು ಹೊರಟವಳನ್ನೂ ಒಬ್ಬಳೇ ಬಿಡಬಾರದು.

ಮುಂದಿನ ಸಭೆಯಲ್ಲಿ ಸಾಲ ಉಳಿತಾಯದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಇದಕ್ಕೆ ಕೊಡಿ. ಪ್ರತಿಯೊಬ್ಬರೂ ತಮ್ಮ ದಿನದ ಕೂಲಿಯನ್ನು ಗಟ್ಟಿಯಾಗಿ ಹೇಳಲಿ. ದರಪಟ್ಟಿಯ ಜೊತೆ ಹೋಲಿಸಿ, ಕಡಿಮೆ ಬಿದ್ದದ್ದನ್ನು ಬರೆದು, ನಿರ್ಣಯ ಮಾಡಿ, ಕಾರ್ಮಿಕ ಇಲಾಖೆಗೆ ಕಳುಹಿಸಿ; ಒಂದು ಪ್ರತಿಯನ್ನು ನಮಗೂ ಕಳುಹಿಸಿ. ಮನೆಯಲ್ಲಿ ಕೂತು ದುಡಿಯುವವರನ್ನು ಉದ್ಯೋಗಿಗಳೆಂದು ಘೋಷಿಸಬೇಕೆಂಬ ಬೇಡಿಕೆಯನ್ನು ಆ ನಿರ್ಣಯದಲ್ಲಿ ಸೇರಿಸಲು ಮರೆಯಬೇಡಿ.

ಮತ್ತೆ ಯಾರಾದರೂ ‘ನೀನೇ ಒಪ್ಪಿ ಬಂದವಳಲ್ಲವೇ?’ ಎಂದರೆ ಹೇಳೋಣ: ಹೌದು, ಹಸಿವು ಒಪ್ಪಿತ್ತು. ಕಾನೂನು ಒಪ್ಪಿಲ್ಲ. ನಾವೂ ಇನ್ನು ಒಪ್ಪುವುದಿಲ್ಲ.